ಅಂಗೈ ಮೇಲೆ ಓದಿದ ಒಪ್ಪಂದ

ಹನ್ನೆರಡು ವರ್ಷ ಒಂದು ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಕೂತು ಕರಡು ತಿದ್ದಿದವಳು ನಾನು. ಒಮ್ಮೆ ದಪ್ಪನೆಯ ಕಾನೂನು ಪುಸ್ತಕವೊಂದು ಬಂತು. ದೇಶಗಳೂ ಮನುಷ್ಯರ ಹಾಗೆ ಮಾತು ಕೊಡುತ್ತವೆ, ಕೊಟ್ಟ ಮಾತಿಗೆ ಸಿಕ್ಕಿಬೀಳುತ್ತವೆ ಎಂದು ಅದರಲ್ಲಿ ಮೊದಲ ಬಾರಿ ಓದಿದೆ. ಆ ಪುಸ್ತಕದಲ್ಲಿ ನೂರ ಹದಿನಾಲ್ಕು ತಪ್ಪು ಹುಡುಕಿದೆ. ನೂರ ಹದಿನೈದನೆಯದು ಕಾಗುಣಿತದ ತಪ್ಪಲ್ಲ, ವಾದದ ತಪ್ಪು. ಅದನ್ನು ತಿದ್ದುವ ಅಧಿಕಾರ ನನಗಿರಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟು, ಆ ಅಧಿಕಾರ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾ ಹೊರಟೆ. ಮೂವತ್ತಮೂರನೆಯ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಮತ್ತು ಯುರೋಪಿಯನ್ ಕಾನೂನು ಕಲಿಸುವ ಸ್ನಾತಕೋತ್ತರ ಶಾಲೆಯೊಂದು ಇದ್ದ ಆ ಬಂದರು ಊರಿಗೆ ಬಂದಿಳಿದೆ.

ಅಕ್ಷರದಿಂದಲೇ ಅನ್ನ ಉಂಡವಳು ಬಂದು ಸೇರಿದ್ದು ಬಹುಪಾಲು ಅಕ್ಷರಗಳೇ ಕಾಣದ ಊರನ್ನು. ಅಲ್ಲಿ ಬರಹವೆಂಬುದು ಯಾರ ಬದುಕಿಗೆ ತಾಗುತ್ತದೋ ಅವರ ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಮಿಕ್ಕವರಿಗೆ ಬರೀ ಬಿಳಿ ಕಾಗದ. ಊರವರಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅಂಚೆಯವನು ಲಕೋಟೆಯನ್ನು ಬೀದಿಯಲ್ಲಿ ಎತ್ತಿ ಹಿಡಿಯುತ್ತಿದ್ದ. ವಿಳಾಸ ಕಂಡವರು ಬಂದು ತೆಗೆದುಕೊಳ್ಳುತ್ತಿದ್ದರು. ಔಷಧಿ ಅಂಗಡಿಯ ಬೋರ್ಡು ಕಂಡಿತೆಂದರೆ ಹೆಂಗಸರು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ಬಸ್ಸಿನಿಂದ ಇಳಿದಾಗ ಆ ಇಡೀ ನಿಲ್ದಾಣದಲ್ಲಿ ನನಗೆ ಕಂಡ ಬರಹ ಒಂದೇ, ಕಾನೂನು ಶಾಲೆಯ ಪ್ರವೇಶದ ಪ್ರಕಟಣೆ. ಅದರ ಕೆಳಗೇ ಕೂತಿದ್ದ ಹಣ್ಣಿನವಳು, "ಈ ಖಾಲಿ ಕಾಗ್ದ ನೋಡ್ಕಂಡು ನಗ್ತೀರಿ ಅಂದ್ರೆ ನೀವು ಓದೂಕೆ ಬಂದವ್ರೇ. ಗುಡ್ಡದ ಮೇಲೆ ಉಂಟು, ಹೋಗಿ" ಎಂದಳು.

ಶಾಲೆಯಲ್ಲಿ ನಾವು ಒಂಬತ್ತು ಮಂದಿ. ಗ್ರಂಥಾಲಯದ ತುಂಬ ಒಪ್ಪಂದಗಳು, ನಿರ್ದೇಶನಗಳು, ತೀರ್ಪುಗಳು. ತೆರೆದರೆ ಹಾಲಿನಂಥ ಬಿಳುಪು. ಹಾಗಾಗಿ ನಮ್ಮದು ಕಿವಿಯ ಓದು. ಬೆಳಿಗ್ಗೆ ಒಂಬತ್ತಕ್ಕೆ ಊರಿನ ಜನ ಗುಡ್ಡ ಹತ್ತಿ ಬಂದು ತಮಗೆ ಕಂಡ ಪುಟಗಳನ್ನು ಗಟ್ಟಿಯಾಗಿ ಓದಿಹೇಳುತ್ತಿದ್ದರು. ಸಮುದ್ರ ಕಾನೂನನ್ನು ನಾನು ಕಲಿತದ್ದು ಹಡಗಿನ ಅಡುಗೆಯವನೊಬ್ಬನ ದಪ್ಪ ದನಿಯಲ್ಲಿ. ಆಹಾರ ಸುರಕ್ಷತೆಯ ಯುರೋಪಿಯನ್ ನಿಯಮಗಳನ್ನು ಜೇನು ಸಾಕುವ ಗಂಡಹೆಂಡಿರು ಸರದಿಯ ಮೇಲೆ ಓದುತ್ತಿದ್ದರು, ನಡುನಡುವೆ ಜಗಳವಾಡುತ್ತಿದ್ದರು. ಪರದೇಶದಲ್ಲಿ ಮದುವೆ ಮುರಿದುಕೊಂಡು ಬಂದ ಹೆಂಗಸೊಬ್ಬಳು ಮಕ್ಕಳ ಪಾಲನೆಯ ವಿಧಿಯನ್ನು ಓದುತ್ತಾ ಓದುತ್ತಾ ನಿಲ್ಲಿಸಿದಾಗ, ನಾವು ಒಂಬತ್ತೂ ಮಂದಿ ಕೆಳಗೆ ನೋಡುತ್ತಾ ಕಾದೆವು. ಯಾವ ವಿಧಿಯ ಹಿಂದೆ ಯಾರ ಮುಖವಿದೆ ಎಂದು ನಮಗೆ ಗೊತ್ತಿತ್ತು. ಪುಸ್ತಕ ಓದಿ ಕಲಿತವರಿಗೆ ಈ ಭಾಗ್ಯವಿಲ್ಲ.

ನಮ್ಮ ಪ್ರಾಧ್ಯಾಪಕಿ ಲೂರ್ದಿನಾ ಬಾಯಿ. ಗಿಡ್ಡ ಆಳು, ಬಿಳಿ ಕೂದಲು, ಚೂಪು ಮಾತು. ಮೂವತ್ತು ವರ್ಷದಿಂದ ಅವರು ಒಂದೇ ಪ್ರಶ್ನೆಯ ಮೇಲೆ ಪಾಠ ಮಾಡುತ್ತಿದ್ದರು: ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕು ಯಾರಿಗಿದೆ? ಯುರೋಪಿನ ನ್ಯಾಯಾಲಯದಲ್ಲಿ ಸಾಮಾನ್ಯ ಮನುಷ್ಯನೊಬ್ಬ ಒಂದು ಆದೇಶವನ್ನು ಪ್ರಶ್ನಿಸಬೇಕಾದರೆ ಅದು ತನಗೆ ನೇರವಾಗಿ ಸಂಬಂಧಿಸಿದ್ದೆಂದು ತೋರಿಸಬೇಕು. "ಅಯ್ಯೋ ಪಾಪ ಅನ್ನಿಸೋದು ಸಂಬಂಧ ಅಲ್ಲ" ಎನ್ನುತ್ತಿದ್ದರು ಲೂರ್ದಿನಾ ಬಾಯಿ, ಮೇಜು ಕುಟ್ಟಿ. "ನಿಮಗೆ ಮರುಕ ಉಂಟು, ಒಳ್ಳೇದು, ಮನೆಯಲ್ಲಿ ಇಟ್ಕೊಳ್ಳಿ. ಬಾಗಿಲು ತೆರೆಯೋದು ಪೆಟ್ಟು ಬಿದ್ದವನಿಗೆ." ಆದರೆ ಅವರು ತಾವಾಗಿ ಯಾವ ಬಾಗಿಲನ್ನೂ ತಟ್ಟಿದವರಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೇ ಇಲ್ಲವೆಂದು ಅವರೇ ಹೇಳಿಕೊಂಡಿದ್ದರು.

ಎರಡನೆಯ ವರ್ಷ ನಮ್ಮನ್ನು ಬಂದರಿನ ದಫ್ತರಖಾನೆಗೆ ಕರೆದೊಯ್ದರು. ಅಲ್ಲಿಯ ಮುಖ್ಯ ದಾಖಲೆ ಅಳಿವೆ ಒಪ್ಪಂದ, ಹೊಳೆ ಕಡಲು ಸೇರುವ ಜಾಗದ ಬಗ್ಗೆ. ಅರವತ್ತೆಂಟು ವರ್ಷದ ಹಿಂದೆ, ಈ ಊರಿಗೂ ಕಡಲಾಚೆಯ ಯುರೋಪಿನ ಒಂದು ದೇಶಕ್ಕೂ ನಡುವೆ ಆದದ್ದು, ಫ್ರೆಂಚ್ ಭಾಷೆಯಲ್ಲಿದೆ. ದಫ್ತರಖಾನೆಯ ಮೇಲ್ವಿಚಾರಕ ದಾಮೋದರ ಮಲ್ಯರು ಅದನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲೆ ಹರಡಿದರು. ಐದು ಹಾಳೆ. ದೋಣಿ ಕಟ್ಟುವ ದಕ್ಕೆಗಳ ಬಗ್ಗೆ, ಹಡಗಿನ ದಾರಿಯ ಬಗ್ಗೆ ಇದ್ದ ನಾಲ್ಕು ಹಾಳೆಗಳನ್ನು ಬಂದರಿನ ಅಧಿಕಾರಿಗಳು ಬಂದು ನಮಗೆ ಓದಿ ಹೇಳಿದರು. ಐದನೆಯದನ್ನು ಮಲ್ಯರು ಮಡಚಿಟ್ಟರು.

"ಅದು?" ಎಂದೆ.

"ಅದು ಖಾಲಿ. ಇಪ್ಪತ್ತಾರು ವರ್ಷದಲ್ಲಿ ಅದರಲ್ಲಿ ಎಂತದೂ ಕಂಡವರಿಲ್ಲ."

ಹಾಳೆಯ ತಳದಲ್ಲಿ ಅರಗಿನ ಮೊಹರಿತ್ತು. ಬರಹ ಮಾಯವಾಗಬಹುದು, ಅರಗು ಆಗುವುದಿಲ್ಲ. ಕರಡು ತಿದ್ದಿದವಳಿಗೆ ಖಾಲಿ ಜಾಗ ಕಂಡರೆ ಸುಮ್ಮನಿರಲು ಬರುವುದಿಲ್ಲ. "ಖಾಲಿ ಹಾಳೆಗೆ ಮೊಹರು ಯಾಕೆ ಹಾಕಿದ್ದಾರೆ, ಮಲ್ಯರೇ?" ಎಂದು ಕೇಳಿದೆ. ಅವರು ನನ್ನ ಬೆರಳು ಹಿಡಿದು ಹಾಳೆಯ ಮೇಲೆ ಮೆಲ್ಲಗೆ ಎಳೆದರು. ಲೇಖನಿಯ ಮೊನೆ ಒತ್ತಿದ ಸಣ್ಣ ತರಿ ತರಿ. "ನಂಗೂ ಗೊತ್ತುಂಟು, ಬರ್ದದ್ದುಂಟು. ಯಾರಿಗೆ ಅಂತ ಗೊತ್ತಿಲ್ಲ ಅಷ್ಟೇ. ಯಾರೂ ಕೇಳಿಕೊಂಡು ಬರ್ಲಿಲ್ಲ" ಎಂದರು.

ಆ ಪ್ರಶ್ನೆ ನನ್ನ ಜೊತೆ ಗುಡ್ಡ ಹತ್ತಿ ಬಂತು. ಉತ್ತರ ಮಾತ್ರ ಹಾಸ್ಟೆಲಿನ ಅಡುಗೆಮನೆಯ ಹಿಂಬಾಗಿಲಲ್ಲಿ ಬುಟ್ಟಿ ಇಳಿಸಿಕೊಂಡು ಕೂತಿತ್ತು. ಅವಳ ಹೆಸರು ಮಂಕಾಳಿ. ಐವತ್ತು ದಾಟಿದವಳು, ಬಳಚು ಮಾರುವವಳು. ಅಳಿವೆಯ ನಡುವೆ ಒಂದು ಕುದ್ರು ಇದೆ; ಸುತ್ತ ನೀರಿರುವ ಆ ತುಂಡು ನೆಲದಲ್ಲಿ ಎಪ್ಪತ್ತು ಮನೆ. ಅಲ್ಲಿಯ ಹೆಂಗಸರು ನೀರಿಳಿದಾಗ ಸೊಂಟಮಟ್ಟದ ನೀರಿಗಿಳಿದು, ಉಸುಕಿನೊಳಗೆ ಹುದುಗಿರುವ ಈ ಚಿಪ್ಪುಮೀನನ್ನು ಕಾಲಿನಲ್ಲಿ ತಡವಿ ಕೈಯಿಂದ ಹೆಕ್ಕುತ್ತಾರೆ. ವಾರಕ್ಕೆರಡು ಸಲ ಅವಳು ಹಾಸ್ಟೆಲಿಗೆ ಬರುತ್ತಿದ್ದಳು, ನನ್ನನ್ನು ಕಂಡರೆ ಎರಡು ಮಾತಾಡುತ್ತಿದ್ದಳು. ಅಂದು ಬುಟ್ಟಿಯ ಮುಚ್ಚಳವನ್ನೂ ತೆಗೆಯದೆ ಕೂತಿದ್ದಳು.

"ಎಂತ ಆಯ್ತು ಮಂಕಾಳಮ್ಮ?"

"ಕುದ್ರಿನ ದಕ್ಕೇಲಿ ಒಂದು ಕಾಗ್ದ ಅಂಟ್ಸಿ ಹೋಗಿದ್ರು. ನಮ್ಗೆಲ್ಲಾ ಕಾಣ್ತದೆ ಅದು. ತುಂಬ ಬರ್ದಿದ್ರು, ಇಷ್ಟುದ್ದ." ಅವಳು ತೋಳು ಚಾಚಿ ತೋರಿಸಿದಳು. "ಕಂಡದ್ದಕ್ಕೇ ಹೆದ್ರಿಕೆ. ನಮ್ಗೆ ಯಾವತ್ತೂ ಯಾವ ಕಾಗ್ದಾನೂ ಕಾಣೂದಿಲ್ಲ, ಅಮ್ಮ."

"ಓದಿಸಲಿಲ್ವಾ?"

"ಯಾರ ಹತ್ರ? ಕುದ್ರಲ್ಲಿ ಹೆಕ್ಕುವವ್ರು ಯಾರೂ ಓದಿದವ್ರಲ್ಲ. ಓದಿದವ್ರು ಹೆಕ್ಕೂದು ಬಿಟ್ಟು ಪೇಟೆ ಸೇರಿದ್ರು. ನನ್ನ ಮಗ್ಳನ್ನೂ ಕರ್ಸಿದ್ದೆ. 'ಅವ್ವಾ, ಬರೀ ಬಿಳಿ ಕಾಗ್ದ' ಅಂತಾಳೆ."

ನಾನು ಅವಳ ದೋಣಿಯಲ್ಲೇ ಕುದ್ರಿಗೆ ಹೋದೆ. ದಕ್ಕೆಯ ಕಂಬದ ಮೇಲೆ ನನ್ನ ಕಣ್ಣಿಗೂ ಬಿಳಿ ಕಾಗದ. ಸುತ್ತ ಮೂವತ್ತು ಹೆಂಗಸರು ನಿಂತು, ಹಾವು ಕಂಡವರ ಹಾಗೆ ಅದನ್ನೇ ನೋಡುತ್ತಿದ್ದರು. ಕಾಣುವವರಿಗೆ ಓದಲು ಬಾರದು, ಓದಬಲ್ಲವರಿಗೆ ಕಾಣದು. ಅಂಗೈ ಚಾಚಿ ಮಂಕಾಳಿಯ ಮುಂದೆ ಹಿಡಿದೆ. "ನಿನಗೆ ಹೇಗೆ ಕಾಣ್ತದೋ ಹಾಗೆ ಇದರ ಮೇಲೆ ಬೆರಳಿಂದ ಎಳಿ. ಒಂದೊಂದೇ. ಅವಸರ ಬೇಡ" ಎಂದೆ.

ಅವಳ ಬೆರಳು ಉಪ್ಪು ನೀರಿಗೆ ಒಡೆದು ಒರಟಾಗಿತ್ತು. ಮೊದಲ ಅಕ್ಷರ 'ಹೂ'. ಎರಡನೆಯದು 'ಳೆ'. ಸಂಜೆ ಬೆಳಕು ಇರುವಷ್ಟರಲ್ಲಿ ಆ ಪ್ರಕಟಣೆ ನನ್ನ ಅಂಗೈ ಮೇಲೆ ಮುಗಿಯಿತು. ಅಳಿವೆ ಒಪ್ಪಂದದ ಪ್ರಕಾರ ಹೂಳೆತ್ತುವ ಕಂಪನಿಯೊಂದು ಅಳಿವೆಯ ಬಾಯಿಯಲ್ಲಿ ದೀಪಸ್ತಂಭ ಹೊತ್ತ ದೀಪದ ಬಂಡೆಗೂ ಕುದ್ರಿಗೂ ನಡುವಿನ ಉಸುಕಿನ ದಿಬ್ಬಗಳನ್ನು ತೆಗೆದು ದೊಡ್ಡ ಹಡಗುಗಳಿಗೆ ದಾರಿ ಮಾಡುತ್ತದೆ. ಕೆಲಸ ಇಪ್ಪತ್ತೊಂದು ದಿನದಲ್ಲಿ ಶುರು. ಬಳಚು ಇರುವುದು ಆ ದಿಬ್ಬಗಳಲ್ಲೇ. ನಾನು ಗಟ್ಟಿಯಾಗಿ ಹೇಳಿ ಮುಗಿಸಿದಾಗ ಯಾರೂ ಅಳಲಿಲ್ಲ. ಹಿಂದಿನಿಂದ ಒಬ್ಬಳು ಮಾತ್ರ, "ಹಂಗಾದ್ರೆ ನಾವು?" ಎಂದಳು. ಅದಕ್ಕೆ ಪ್ರಕಟಣೆಯಲ್ಲಿ ಉತ್ತರವಿರಲಿಲ್ಲ.

ಆಗ ನನಗೆ ಐದನೆಯ ಹಾಳೆ ನೆನಪಾಯಿತು.

ಮಂಕಾಳಿಯನ್ನು ದಫ್ತರಖಾನೆಗೆ ಕರೆತರುವುದು ಸುಲಭವಾಗಲಿಲ್ಲ. ಸರಕಾರಿ ಕಟ್ಟಡದೊಳಗೆ ಹೋದವರು ಏನಾದರೂ ಕಳಕೊಂಡೇ ಹೊರಗೆ ಬರುತ್ತಾರೆಂದು ಕುದ್ರಿನಲ್ಲಿ ನಂಬಿಕೆ. ಮೂರು ದಿನ ಓಲೈಸಿದ ಮೇಲೆ ಒಗೆದ ಸೀರೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು. ಮಲ್ಯರು ಏನೂ ಕೇಳದೆ ಹಾಳೆ ಬಿಚ್ಚಿದರು. ಮಂಕಾಳಿ ಬಗ್ಗಿ ನೋಡಿದಳು. ಅವಳ ಬಾಯಿ ಸಣ್ಣಗೆ ತೆರೆಯಿತು.

"ತುಂಬ ಉಂಟಲ್ಲಾ ಇದ್ರಲ್ಲಿ! ಸಾಲಿಗೆ ಸಾಲೇ ಉಂಟು. ಕೆಳಗೆ ಹೆಬ್ಬೆಟ್ಟು ಬೇರೆ."

ಮಲ್ಯರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇಪ್ಪತ್ತಾರು ವರ್ಷ ಕಾದವರು ಅವರು. ಮಂಕಾಳಿಗೆ ಒಂದು ಕುರ್ಚಿ ತಂದು, ತಾವೇ ಒರೆಸಿ ಹಾಕಿದರು.

ಹನ್ನೊಂದು ಸಾಲು, ಹಳೆಯ ಕಾಲದ ಫ್ರೆಂಚ್ ಕೈಬರಹ. ಆ ಭಾಷೆ ನಮ್ಮ ಪಾಠದ ಭಾಗವಾಗಿದ್ದರಿಂದ ನನಗೆ ತಕ್ಕಮಟ್ಟಿಗೆ ಬರುತ್ತಿತ್ತು. ಮಂಕಾಳಿಗೆ ಅದು ಅಕ್ಷರವೋ ಇರುವೆಯ ಸಾಲೋ ಎಂಬ ವ್ಯತ್ಯಾಸವೂ ಇಲ್ಲ. ಅದೇ ಒಳ್ಳೆಯದಾಯಿತು, ಕಂಡದ್ದನ್ನು ಕಂಡ ಹಾಗೆ ಎಳೆದಳು. ಕೊಕ್ಕೆ, ಗಂಟು, ಮೂರು ಗುಡ್ಡ, ಮತ್ತೆ ಮೂರು ಗುಡ್ಡ, ಗಂಟು. "ಫಾಮ್" ಎಂದೆ. "ಹೆಂಗಸು! ಮಂಕಾಳಮ್ಮ, ಇಲ್ಲಿ ಹೆಂಗಸು ಅಂತ ಉಂಟು!" ಅವಳು ನಿರಾಳವಾಗಿ, "ಇರ್ಲಿಕ್ಕೇ ಬೇಕು. ಗಂಡಸ್ರು ಬಳಚು ಹೆಕ್ತಾರಾ?" ಎಂದಳು.

ಎರಡನೆಯ ದಿನ ನನ್ನಿಂದ ತಪ್ಪಾಯಿತು. ಐದನೆಯ ಸಾಲಿನಲ್ಲಿ ಅವಳು ಒಂದು ನೆಟ್ಟ ಕೋಲೆಳೆದು ಅದಕ್ಕೆ ಎರಡು ಕಾಲು ತಾಗಿಸಿದಳು. ಫ್ರೆಂಚ್‌ನಲ್ಲಿ ಆ 'ಕೆ' ಅಕ್ಷರ ತೀರ ಅಪರೂಪ. "ಸರಿಯಾಗಿ ನೋಡು, ಅದು ಹಾಗಿರಲಿಕ್ಕಿಲ್ಲ" ಎಂದೆ. ಅವಳು ಮತ್ತೆ ಅದನ್ನೇ ಎಳೆದಳು. ನನಗೂ ದಣಿವಾಗಿತ್ತು, ಎರಡು ವಾರ ಮಾತ್ರ ಉಳಿದಿತ್ತು. ಹನ್ನೆರಡು ವರ್ಷದ ಕೆಂಪು ಪೆನ್ನು ನಾಲಿಗೆಗೆ ಬಂತು. "ಮಂಕಾಳಮ್ಮ, ಇದು ಆಟ ಅಲ್ಲ. ತಪ್ಪು ಬರೀಬೇಡ" ಎಂದುಬಿಟ್ಟೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ನನ್ನ ಕಣ್ಣಿಗೆ ಕಂಡದ್ದು ಬರ್ದೆ. ನಿಂಗೆ ಬೇಕಾದ್ದು ಬರಿಯೂದಾದ್ರೆ ನನ್ನ ಬೆರಳು ಯಾಕೆ?" ಎಂದು ಎದ್ದು, ಚಪ್ಪಲಿ ಎತ್ತಿಕೊಂಡು ಹೋಗಿಯೇಬಿಟ್ಟಳು.

ಮಲ್ಯರು ನನ್ನ ಕಡೆ ನೋಡಲಿಲ್ಲ. ಹಾಳೆಯನ್ನು ರೇಷ್ಮೆಯಲ್ಲಿ ಸುತ್ತುತ್ತಾ, "ಆ ನಾಲ್ಕು ಹಾಳೆ ಓದಿದ ಬಂದರಿನ ಸಾಹೇಬ್ರು ಯಾರೂ ಇಂಥಾ ಮಾತು ಕೇಳಿಸ್ಕೊಂಡಿರ್ಲಿಲ್ಲ" ಎಂದಷ್ಟೇ ಹೇಳಿದರು. ಮರುದಿನ ಬೆಳಿಗ್ಗೆ ಕುದ್ರಿಗೆ ಹೋದೆ. ಮಂಕಾಳಿ ನೀರಿನಲ್ಲಿದ್ದಳು. ದಡದಲ್ಲಿ ನಿಂತು ಕೂಗಿ ಕ್ಷಮೆ ಕೇಳುವುದು ಸರಿ ಕಾಣಲಿಲ್ಲ. ಸೀರೆ ಎತ್ತಿಕಟ್ಟಿ ನಾನೂ ಇಳಿದೆ. ಹತ್ತು ಹೆಜ್ಜೆಗೇ ಜಾರಿ ಮುಳುಗಿ ಎದ್ದೆ. ಸುತ್ತಲಿನ ಹೆಂಗಸರು ನಕ್ಕರು. ಮಂಕಾಳಿ ನಗಲಿಲ್ಲ. ಬಾಯೊಳಗಿನ ಉಪ್ಪು ನೀರು ಉಗಿದು, "ತಪ್ಪು ನಂದು. ಅಲ್ಲಿರೋದನ್ನ ನೋಡ್ತಾ ಇರೋದು ನೀನು, ನಾನಲ್ಲ" ಎಂದೆ.

ಅವಳು ಕಾಲಿಗೆ ತಾಗಿದ ಬಳಚೊಂದನ್ನು ಹೆಕ್ಕಿ ಬುಟ್ಟಿಗೆ ಹಾಕಿದಳು. ಆಮೇಲೆ, "ಒದ್ದೆ ಸೀರೇಲಿ ಆ ಕಟ್ಟಡಕ್ಕೆ ಹೋಗೂದಾ? ಮನೆಗೆ ಬಾ, ನಂದೊಂದು ಉಟ್ಕೋ" ಎಂದಳು.

ಅವಳ ಸೀರೆ ಉಟ್ಟು ದಫ್ತರಖಾನೆಯಲ್ಲಿ ಕೂತೆ. ಅವಳು ಬಿಟ್ಟ ಜಾಗದಿಂದಲೇ ಶುರುಮಾಡಿದಳು. ಅದೇ ನೆಟ್ಟ ಕೋಲು, ಎರಡು ಕಾಲು. ಈ ಸಲ ನಾನು ತಿದ್ದಲು ಹೋಗಲಿಲ್ಲ. ಆಮೇಲೆ ಮೂರು ಅಕ್ಷರ. ಅದಕ್ಕೂ ಹಿಂದಿನ ಮೂರನ್ನು ಸೇರಿಸಿ ಮನಸ್ಸಿನಲ್ಲೇ ಓದಿ ನೋಡಿದೆ. ಗಟ್ಟಿಯಾಗಿ ಓದಿದೆ: "ಮಂಕಾಳಿ."

"ಎಂತ? ಇಲ್ಲೇ ಇದ್ದೇನಲ್ಲ" ಎಂದಳು ಅವಳು.

"ಕರೆದದ್ದಲ್ಲ. ಓದಿದ್ದು. ಇಲ್ಲಿ ಬರೆದದ್ದು ಅದು."

ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅದು ನಾನಲ್ಲ. ನನ್ನ ಅಜ್ಜಿ. ಅವ್ಳ ಹೆಸ್ರೇ ನಂಗೆ ಇಟ್ಟದ್ದು" ಎಂದಳು ಬಹಳ ಮೆಲ್ಲಗೆ. ಹಾಳೆಯ ತಳದಲ್ಲಿ, ನನಗೆ ಕಾಣದ ಹೆಬ್ಬೆಟ್ಟುಗಳ ಸಾಲಿನ ಮೊದಲಿಗೆ ತನ್ನ ಹೆಬ್ಬೆರಳನ್ನು ಇಟ್ಟು, ಕಣ್ಣು ಮುಚ್ಚಿಕೊಂಡು ಕೂತಳು. ದಾಖಲೆ ಮುಟ್ಟಬಾರದೆಂದು ಗೋಡೆಯ ಮೇಲೆ ಬರೆದಿತ್ತಂತೆ. ಮಲ್ಯರು ಆ ಗೋಡೆಯ ಕಡೆ ಬೆನ್ನು ಹಾಕಿ ನಿಂತರು.

ನಾಲ್ಕನೆಯ ದಿನ ಹನ್ನೊಂದು ಸಾಲೂ ಮುಗಿದವು. ಅದರ ತಾತ್ಪರ್ಯ ಹೀಗಿತ್ತು: ದೀಪದ ಬಂಡೆಗೂ ಕುದ್ರಿಗೂ ನಡುವಿನ ದಿಬ್ಬಗಳಲ್ಲಿ ಕೈಯಿಂದ ಹೆಕ್ಕಿ ಬದುಕುವ ಹೆಂಗಸರ ಪರವಾಗಿ ಮಂಕಾಳಿ ಮತ್ತು ಇತರ ಹನ್ನೊಂದು ಮಂದಿ ಹೆಬ್ಬೆಟ್ಟು ಒತ್ತಿ ಒಪ್ಪಿದ ಷರತ್ತು, ಆ ದಿಬ್ಬಗಳನ್ನು ಹಾಗೆ ಬದುಕುವವರ ಒಪ್ಪಿಗೆಯಿಲ್ಲದೆ ಎರಡೂ ಕಡೆಯವರಾಗಲಿ, ಅವರ ಹೆಸರಿನಲ್ಲಿ ಬೇರೆಯವರಾಗಲಿ ಅಗೆಯತಕ್ಕದ್ದಲ್ಲ.

ಅರ್ಜಿ ಬರೆದು ಲೂರ್ದಿನಾ ಬಾಯಿಯವರ ಮುಂದೆ ನಿಂತೆ. ನಮ್ಮ ಶಾಲೆಯ ಎರಡನೆಯ ವರ್ಷದವರು, ಪ್ರಾಧ್ಯಾಪಕರು ಜೊತೆಗಿದ್ದರೆ, ಬಂದರು ನ್ಯಾಯಪೀಠದ ಮುಂದೆ ವಾದಿಸಬಹುದಿತ್ತು. ವಿಚಾರಣೆಗೆ ಸಿಕ್ಕಿದ ದಿನ ಹೂಳೆತ್ತುವ ಕೆಲಸ ಶುರುವಾಗುವ ಹಿಂದಿನ ದಿನ, ಗುರುವಾರ.

"ಗುರುವಾರ ನಿನಗೆ ಮೌಖಿಕ ಪರೀಕ್ಷೆ ಉಂಟು" ಎಂದರು ಅವರು. "ಇಬ್ಬರು ಪರೀಕ್ಷಕರು ಹಡಗಿನಲ್ಲಿ ಬಂದಿಳಿದಿದ್ದಾರೆ. ತಪ್ಪಿಸಿದರೆ ಪದವಿ ಇಲ್ಲ. ನಾನೂ ಅಲ್ಲೇ ಕೂರಬೇಕು."

"ಹಾಗಾದ್ರೆ ನಾನು ಪರೀಕ್ಷೆ ತಪ್ಪಿಸ್ತೇನೆ. ಆದ್ರೆ ನೀವು ಬರದಿದ್ರೆ ಆ ಹೆಂಗಸರ ಪರ ಮಾತಾಡ್ಲಿಕ್ಕೆ ನನ್ನನ್ನು ಬಿಡೋದಿಲ್ಲ, ಮೇಡಂ."

ಅವರು ಎದ್ದು ಕಿಟಕಿಯ ಹತ್ತಿರ ನಿಂತರು. ಕೆಳಗೆ ಬಂದರಿನ ಕಟ್ಟಡಗಳು, ಅವುಗಳಾಚೆ ಅಳಿವೆ, ಅಲ್ಲಿ ಲಂಗರು ಹಾಕಿದ್ದ ಹಳದಿ ಬಣ್ಣದ ಹೂಳೆತ್ತುವ ಹಡಗು. "ಮೂವತ್ತು ವರ್ಷ ಬಾಗಿಲಿನ ಬಗ್ಗೆ ಪಾಠ ಮಾಡಿದೆ" ಎಂದರು. "ಪರೀಕ್ಷೆ ಇಂಥಾ ಕೋಣೆಯಲ್ಲೇ ನಡೀಬೇಕು ಅಂತ ನಿಯಮಾವಳಿಯಲ್ಲಿ ಎಲ್ಲೂ ಇಲ್ಲ. ಆ ಪುಟ ನನಗೆ ಕಾಣ್ತದೆ."

ಗುರುವಾರ ನ್ಯಾಯಪೀಠದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುದ್ರಿನ ಹೆಂಗಸರೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ಲೂರ್ದಿನಾ ಬಾಯಿ, ತೊಡೆಯ ಮೇಲೆ ಅಂಕಪಟ್ಟಿ. ಆಚೀಚೆ ಇಬ್ಬರು ಪರೀಕ್ಷಕರು, ಏನಾಗುತ್ತಿದೆಯೆಂದು ಪೂರ್ತಿ ಅರ್ಥವಾಗದ ಮುಖದಲ್ಲಿ. ಪೀಠದಲ್ಲಿ ನ್ಯಾಯಮೂರ್ತಿ ಬೊಮ್ಮಯ್ಯ. ಕಂಪನಿಯ ಪರ ವಕೀಲ ರಾಜಗೋಪಾಲ ಪಡಿಯಾರ್, ಬಂದರಿನ ಮೊಕದ್ದಮೆಗಳಲ್ಲಿ ಸೋತದ್ದೇ ಇಲ್ಲವೆಂದು ಹೆಸರಾದವರು. ಅವರ ಪಕ್ಕದಲ್ಲಿ ಕಂಪನಿಯ ಎಂಜಿನಿಯರ್ ಎತಿಯೆನ್, ಬಿಸಿಲಿಗೆ ಕೆಂಪಾದ ಮೂಗಿನ ಫ್ರೆಂಚ್ ಮನುಷ್ಯ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಪಡಿಯಾರರು ಐದನೆಯ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಸ್ವಾಮಿ, ನಂಗೆ ಕಾಣೂದಿಲ್ಲ. ತಮಗೆ ಕಾಣ್ತದಾ? ಇಲ್ಲ. ಬಂದರಿನವ್ರಿಗೆ ಕಾಣೂದಿಲ್ಲ. ನನ್ನ ಕಕ್ಷಿದಾರರು ಈ ಒಪ್ಪಂದದ ಮೇಲೆ ಕೆಲಸ ಮಾಡುವವ್ರು. ಷರತ್ತು ಇದ್ದಿದ್ರೆ ಮೊದ್ಲು ಕಾಣಬೇಕಾದ್ದು ಅವ್ರಿಗೆ. ಕಾಣದ ಷರತ್ತಿಗೆ ಹಡಗು ನಿಲ್ಲಿಸ್ಲಿಕ್ಕೆ ಆಗ್ತದಾ?"

ಮಾತು ಬಲವಾಗಿಯೇ ಇತ್ತು. ನಾನು ಎದ್ದೆ. ಏನು ಹೇಳಬೇಕೆಂದು ಬರೆದುಕೊಂಡದ್ದು ಪೂರ್ತಿ ಮರೆತುಹೋಯಿತು. ಎದುರಿಗೆ ಪಡಿಯಾರರ ಇಸ್ತ್ರಿ ಮಾಡಿದ ಕೋಟು, ಆಚೆ ಮಂಕಾಳಿಯ ಒಡೆದ ಬೆರಳು. ಅವೆರಡನ್ನೂ ನೋಡುತ್ತಾ ಮಾತು ತಾನಾಗಿ ಬಂತು.

"ಪಡಿಯಾರರು ಹೇಳಿದ್ದು ನಿಜ. ಅವರಿಗೆ ಕಾಣುವುದಿಲ್ಲ. ಅದೇ ನನ್ನ ವಾದ" ಎಂದೆ. "ನಾಳೆ ಈ ಕೆಲಸ ನಿಂತರೆ ಅವರು ಇನ್ನೊಂದು ಮೊಕದ್ದಮೆ ನಡೆಸುತ್ತಾರೆ. ಎಂಜಿನಿಯರ್ ಸಾಹೇಬರು ಇನ್ನೊಂದು ಅಳಿವೆಗೆ ಹೋಗುತ್ತಾರೆ. ಕಂಪನಿಗೆ ಅಳಿವೆಗಳು ಬೇಕಾದಷ್ಟಿವೆ. ಇವರ ಬದುಕಿಗೆ ಈ ಹಾಳೆ ತಾಗುವುದೇ ಇಲ್ಲ, ಅದಕ್ಕೇ ಕಾಣುವುದಿಲ್ಲ. ತಮಗೂ ಕಾಣುವುದಿಲ್ಲ; ಕಂಡಿದ್ದರೆ ತಾವು ಈ ಪೀಠದಲ್ಲಿ ಕೂರುವ ಹಾಗಿರಲಿಲ್ಲ. ಬೇರೆ ದೇಶಗಳ ನ್ಯಾಯಾಲಯಗಳಲ್ಲಿ ಜನ, ಇದು ನಮಗೆ ನೇರವಾಗಿ ಸಂಬಂಧಿಸಿದ್ದು ಎಂದು ಸಾಬೀತು ಮಾಡಲಿಕ್ಕೆ ವರ್ಷಗಟ್ಟಲೆ ಹೆಣಗುತ್ತಾರೆ. ಇಲ್ಲಿ ಆ ಕಷ್ಟವಿಲ್ಲ. ಇಡೀ ಊರಿನಲ್ಲಿ ಈ ಹಾಳೆ ಕಾಣುವುದು ಯಾರಿಗೆಂದು ಕೇಳಿ ನೋಡಿ. ಅಷ್ಟೇ ಸಾಕು."

ಲೂರ್ದಿನಾ ಬಾಯಿ ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು.

ಪಡಿಯಾರರು ಬಿಡುವವರಲ್ಲ. "ಇವ್ರೇ ಹೇಳಿಕೊಟ್ಟದ್ದು ಸ್ವಾಮಿ. ನಾಲ್ಕು ದಿನ ದಫ್ತರಖಾನೇಲಿ ಕೂತು ಆ ಮಂಕಾಳಿಗೆ ಪಾಠ ಮಾಡಿದ್ದಾರೆ."

"ಮಂಕಾಳಿ ಬೇಡ" ಎಂದೆ. "ಈ ಹಾಳೆಯನ್ನು ಇವತ್ತಿನವರೆಗೆ ನೋಡದ ಕುದ್ರಿನ ಐದು ಮಂದಿಯನ್ನು ತಾವೇ ಆರಿಸಿ. ಒಬ್ಬೊಬ್ಬರನ್ನೇ ಒಳಗೆ ಕರೆಯಿರಿ. ಅಂಗೈ ಕೂಡ ನನ್ನದು ಬೇಡ. ಫ್ರೆಂಚ್ ಬಲ್ಲವರು ಕಂಪನಿಯ ಕಡೆಯೇ ಒಬ್ಬರಿದ್ದಾರಲ್ಲ, ಅವರದೇ ಆಗಲಿ."

ಎತಿಯೆನ್‌ಗೆ ದುಭಾಷಿ ಹೇಳಿದಾಗ ಅವನು ಪಡಿಯಾರರ ಮುಖ ನೋಡಿದ. ಅವರು ಆಗದೆನ್ನುವ ಹಾಗಿರಲಿಲ್ಲ. ತಮ್ಮವನ ಕೈಯನ್ನೇ ನಂಬುವುದಿಲ್ಲ ಎಂದಂತಾಗುತ್ತಿತ್ತು. ಅವನು ಎದ್ದು, ಕೈಯನ್ನು ಅಂಗಿಗೆ ಒರೆಸಿಕೊಂಡು, ನ್ಯಾಯಮೂರ್ತಿಗಳ ಜೊತೆ ಪಕ್ಕದ ಕೋಣೆಗೆ ಹೋದ. ಹೆಂಗಸರು ಒಬ್ಬೊಬ್ಬರೇ ಹೋಗಿ ಬಂದರು. ನಮಗೆ ಏನೂ ಕೇಳಿಸುತ್ತಿರಲಿಲ್ಲ. ಮಂಕಾಳಿ ನನ್ನ ಪಕ್ಕದಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಎರಡೂವರೆ ಗಂಟೆ ಕಳೆಯಿತು.

ಹೊರಗೆ ಬಂದಾಗ ಎತಿಯೆನ್‌ನ ಮುಖದ ಬಣ್ಣವೇ ಬೇರೆಯಾಗಿತ್ತು. ತನ್ನ ಅಂಗೈಯನ್ನು ಅದು ಬೇರೆಯವರದೆಂಬಂತೆ ನೋಡಿಕೊಳ್ಳುತ್ತಿದ್ದ. ನ್ಯಾಯಮೂರ್ತಿಗಳು ಕೇಳಿದ್ದಕ್ಕೆ ನಿಂತು, ಫ್ರೆಂಚ್‌ನಲ್ಲಿ ನಿಧಾನವಾಗಿ, ಹನ್ನೊಂದು ಸಾಲನ್ನೂ ಬಾಯಿಪಾಠ ಒಪ್ಪಿಸಿದ. ದುಭಾಷಿ ಒಂದೊಂದು ಸಾಲನ್ನೂ ಕನ್ನಡಕ್ಕೆ ತಂದಳು. ಹೆಸರು ಬಂದಾಗ ಮಾತ್ರ ತರಬೇಕಾಗಲಿಲ್ಲ. "ಮಂಕಾಳಿ" ಎಂದು ಅವನು ತನ್ನ ರಾಗದಲ್ಲಿ ಹೇಳಿದ್ದು ಎಲ್ಲರಿಗೂ ಅರ್ಥವಾಯಿತು; ಇಡೀ ಕೋಣೆ ತಿರುಗಿ ಅವಳನ್ನು ನೋಡಿತು. ಕೊನೆಯಲ್ಲಿ ಎತಿಯೆನ್ ಇನ್ನೊಂದು ವಾಕ್ಯ ಸೇರಿಸಿದ. ದುಭಾಷಿ ಹೇಳಿದಳು: "ಐದು ಮಂದಿಯೂ ಒಂದೇ ಬರೆದರು, ಒಂದಕ್ಷರ ಆಚೀಚೆ ಇಲ್ಲ, ಅಂತಾರೆ. ಇದನ್ನು ಯಾರೂ ಕಲಿಸಿಕೊಡಲಿಕ್ಕೆ ಆಗುವುದಿಲ್ಲ ಅಂತಾರೆ."

ಪಡಿಯಾರರು ಕಾಗದ ಜೋಡಿಸಿಕೊಳ್ಳತೊಡಗಿದರು.

ನ್ಯಾಯಮೂರ್ತಿ ಬೊಮ್ಮಯ್ಯ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಷರತ್ತು ಇದೆ, ಅದು ಒಪ್ಪಂದದ ಎರಡೂ ಕಡೆಯವರನ್ನೂ ಅವರ ಹೆಸರಿನಲ್ಲಿ ಬಂದವರನ್ನೂ ಕಟ್ಟಿಹಾಕುತ್ತದೆ, ಒಪ್ಪಿಗೆಯಿಲ್ಲದೆ ಒಂದು ಬುಟ್ಟಿ ಉಸುಕನ್ನೂ ಎತ್ತುವ ಹಾಗಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು, ಕುದ್ರಿನ ಹೆಂಗಸರ ಕಡೆ ತಿರುಗಿ, "ಷರತ್ತಿನ ಪ್ರಕಾರ ನಾನು ಕೇಳ್ಲೇಬೇಕು. ದಿಬ್ಬ ಅಗೀಲಿಕ್ಕೆ ನಿಮ್ಮ ಒಪ್ಪಿಗೆ ಉಂಟಾ?" ಎಂದು ಕೇಳಿದರು.

ಅಷ್ಟು ದೊಡ್ಡ ಜಾಗದಲ್ಲಿ, ಅಷ್ಟು ದೊಡ್ಡವರೊಬ್ಬರು ಅವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮಂಕಾಳಿ ಸೆರಗು ಬಿಟ್ಟು ಎದ್ದು ನಿಂತಳು.

"ಇಲ್ಲ" ಎಂದಳು.

ಗುಮಾಸ್ತ ಬರೆದುಕೊಂಡ. ಆಮೇಲೆ ಎದ್ದ ಗದ್ದಲವನ್ನು ನಾನು ವರ್ಣಿಸಲಾರೆ. ಮೂಲೆಯಲ್ಲಿ ಮಲ್ಯರು ಎರಡೂ ಕೈ ಎತ್ತಿ ಕುಣಿದರೆಂದು ಆಮೇಲೆ ಕೇಳಿದೆ. ನಾನು ನೋಡಲಿಲ್ಲ, ನನ್ನನ್ನು ಯಾರೋ ಎತ್ತಿಕೊಂಡಿದ್ದರು.

ಹೊರಗೆ ಮೆಟ್ಟಿಲ ಮೇಲೆ ಲೂರ್ದಿನಾ ಬಾಯಿ ನನ್ನನ್ನು ನಿಲ್ಲಿಸಿದರು. "ಪರೀಕ್ಷೆ ಮುಗೀಲಿಲ್ಲ. ಪರೀಕ್ಷಕರು ಒಂದಾದರೂ ಪ್ರಶ್ನೆ ಕೇಳ್ಬೇಕು ಅಂತ ನಿಯಮ." ಇಬ್ಬರಲ್ಲಿ ಹಿರಿಯರಾದವರು ಗಂಟಲು ಸರಿಮಾಡಿಕೊಂಡು, "ಮೂರು ಗಂಟೆ ಆಯ್ತು. ಇಲ್ಲಿ ಊಟ ಎಲ್ಲಿ ಸಿಗ್ತದೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಂಕಾಳಿ, "ಎಂತಕ್ಕೆ ಹುಡುಕೂದು? ನಮ್ಮ ಕುದ್ರಿಗೆ ಬನ್ನಿ" ಎಂದಳು. ಲೂರ್ದಿನಾ ಬಾಯಿ ಮೆಟ್ಟಿಲ ಕಂಬಕ್ಕೆ ಅಂಕಪಟ್ಟಿ ಒತ್ತಿಹಿಡಿದು ಸಹಿ ಹಾಕಿದರು. "ಬಾಗಿಲು ಭಾರ ಇರ್ತದೆ ಅಂತ ತಿಳಿದಿದ್ದೆ" ಎಂದರು, ಯಾರಿಗೆಂದಿಲ್ಲದೆ.

ಮರುದಿನ ನಡುಹಗಲಿಗೆ ಹಳದಿ ಹಡಗು ಲಂಗರು ಎತ್ತಿತು. ನಾನು ಕುದ್ರಿನ ದಕ್ಕೆಯಲ್ಲಿದ್ದೆ. ಹೆಂಗಸರೆಲ್ಲ ದಡದಲ್ಲಿ ಸಾಲಾಗಿ ನಿಂತಿದ್ದರು. ಅದು ಮೆಲ್ಲಗೆ ಮೂತಿ ತಿರುಗಿಸಿ, ದೀಪದ ಬಂಡೆ ದಾಟಿ, ಕಡಲಿಗಿಳಿಯಿತು. ಎತಿಯೆನ್ ಮೇಲಂತಸ್ತಿನಿಂದ ಕೈಬೀಸಿದ. ಒಬ್ಬಿಬ್ಬರು ತಿರುಗಿ ಬೀಸಿದರು. ಕೂಗುತ್ತಾರೆ, ಹಾಡುತ್ತಾರೆ ಎಂದುಕೊಂಡು ಕಾದೆ. ಆದರೆ ನೀರು ಇಳಿಯತೊಡಗಿತ್ತು, ದಿಬ್ಬಗಳ ಬೆನ್ನು ಒಂದೊಂದಾಗಿ ಮೇಲೆ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಅವರಿಗೆ ಬೇರೆ ಯಾವುದಕ್ಕೂ ಪುರಸೊತ್ತಿರಲಿಲ್ಲ. ಸೀರೆ ಎತ್ತಿಕಟ್ಟಿ, ಬುಟ್ಟಿ ಹಿಡಿದು, ಒಬ್ಬರ ಹಿಂದೆ ಒಬ್ಬರು ಇಳಿದೇಬಿಟ್ಟರು. ಎಪ್ಪತ್ತು ಮನೆಯ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ, ನಡುಹಗಲಿನ ಬೆಳಕಿನಲ್ಲಿ, ಪಾದದಿಂದ ತಮ್ಮ ನೆಲವನ್ನು ತಡವುತ್ತಾ ನಡೆದರು.